ಮೂರು ಪದಗಳ ಮೊತ್ತ, ಒಂದು ಮೈನಸ್ ಚಿಹ್ನೆ

ಏಕಮಾನ ವೃತ್ತದ ಮೇಲೆ ಸುತ್ತುವ ಬಿಂದುವನ್ನು ಝಡ್ ಎನ್ನೋಣ. ಅದರ ಕೋನ ಥೀಟಾ. ಈಗ ಎರಡು ಮೊತ್ತಗಳನ್ನು ಎದುರುಬದುರು ಇಡಿ. ಮೊದಲನೆಯದು 1 + ಝಡ್ + ಝಡ್². ಎರಡನೆಯದು 1 + ಝಡ್ − ಝಡ್². ಎರಡರಲ್ಲೂ ಮೂರೇ ಪದ, ಸಹಗುಣಕಗಳ ಗಾತ್ರವೆಲ್ಲ 1. ಪೂರ್ತಿ ಒಂದು ಸುತ್ತಿನಲ್ಲಿ ಯಾವುದರ ನಿರಪೇಕ್ಷ ಮೌಲ್ಯದ ಅನುಕಲ ದೊಡ್ಡದು?

ಪ್ಲಸ್ ಇರುವುದೇ ದೊಡ್ಡದಿರಬೇಕು ಎಂದು ಮನಸ್ಸು ಹೇಳುತ್ತದೆ. ಝಡ್ 1ರ ಹತ್ತಿರ ಬಂದಾಗ ಮೂರೂ ಪದಗಳು ಒಂದೇ ದಿಕ್ಕಿಗೆ ನಿಂತು ಮೊತ್ತ 3ಕ್ಕೆ ಏರುತ್ತದೆ. ಮೈನಸ್ ಇರುವ ಮೊತ್ತ ಎಂದೂ ಅಷ್ಟು ಎತ್ತರ ಮುಟ್ಟುವುದಿಲ್ಲ. ಲೆಕ್ಕ ಮಾಡಿದರೆ ಉತ್ತರ ತಿರುವುಮುರುವು.

ಮೊದಲನೆಯದರಿಂದ ಒಂದು ಝಡ್ ಹೊರಗೆ ತೆಗೆಯಿರಿ. ಅದರ ಗಾತ್ರ 1, ಹಾಗಾಗಿ ನಿರಪೇಕ್ಷ ಮೌಲ್ಯಕ್ಕೆ ಏನೂ ಆಗುವುದಿಲ್ಲ. ಒಳಗೆ ಉಳಿಯುವುದು 1 + 2 ಕಾಸ್ ಥೀಟಾ. ಇದು 120 ಡಿಗ್ರಿಯವರೆಗೆ ಧನ, 120ರಿಂದ 240ರವರೆಗೆ ಋಣ, ಆಮೇಲೆ ಮತ್ತೆ ಧನ. ಋಣ ಭಾಗದ ಚಿಹ್ನೆ ತಿರುಗಿಸಿ ತುಂಡುತುಂಡಾಗಿ ಅನುಕಲ ತೆಗೆದರೆ ಒಟ್ಟು 2ಪೈ/3 + 4√3. ಸುತ್ತಿನ ಉದ್ದ 2ಪೈಯಿಂದ ಭಾಗಿಸಿದರೆ ಸರಾಸರಿ 1/3 + 2√3/ಪೈ, ಅಂದರೆ 1.43599. ಮುಂದೆ ಅನುಕಲ ಎಂದಲ್ಲೆಲ್ಲ ಈ ಸರಾಸರಿಯನ್ನೇ ಹೇಳುತ್ತಿದ್ದೇನೆ. ಸಂಖ್ಯೆ ನೆನಪಿರಲಿ, ಇನ್ನೊಂದು ಕಡೆ ಎದುರಾಗುತ್ತದೆ.

ಎರಡನೆಯದರಲ್ಲೂ ಝಡ್ ಹೊರತೆಗೆದರೆ ವಾಸ್ತವ ಭಾಗ 1, ಕಾಲ್ಪನಿಕ ಭಾಗ ಮೈನಸ್ 2 ಸೈನ್ ಥೀಟಾ. ಗಾತ್ರ √(1 + 4 ಸೈನ್² ಥೀಟಾ). ಇದು 1ಕ್ಕಿಂತ ಕೆಳಗಿಳಿಯುವುದೇ ಇಲ್ಲ, √5 ಅಂದರೆ 2.236 ದಾಟುವುದೂ ಇಲ್ಲ. ಇದರ ಅನುಕಲಕ್ಕೆ ಸರಳ ಸೂತ್ರವಿಲ್ಲ, ದೀರ್ಘವೃತ್ತೀಯ ಅನುಕಲ ಬರುತ್ತದೆ. ಸರಾಸರಿ ಸುಮಾರು 1.678.

ವರ್ಗದ ಸರಾಸರಿ ಎರಡಕ್ಕೂ 3. ಪಾರ್ಸೆವಾಲ್ ಸೂತ್ರದ ಪ್ರಕಾರ ಅದು ಸಹಗುಣಕಗಳ ವರ್ಗಗಳ ಮೊತ್ತವಷ್ಟೇ. ಚಿಹ್ನೆ ಅದಕ್ಕೆ ಕಾಣಿಸುವುದಿಲ್ಲ. ಕೋಶೀ ಅಸಮತೆಯಿಂದ ನಿರಪೇಕ್ಷ ಮೌಲ್ಯದ ಸರಾಸರಿ √3ನ್ನು, ಅಂದರೆ 1.732ನ್ನು, ಮೀರುವಂತಿಲ್ಲ. ಮೈನಸ್ ಮೊತ್ತ ಆ ಮಿತಿಗೆ ಹತ್ತಿರವಿದೆ, ಏಕೆಂದರೆ ಅದು ಸುತ್ತಿನುದ್ದಕ್ಕೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ಸಾಗುತ್ತದೆ. ಪ್ಲಸ್ ಮೊತ್ತ ತನ್ನ ವರ್ಗದ ಬಹುಪಾಲನ್ನು 3ರ ಶಿಖರದಲ್ಲೇ ಖರ್ಚು ಮಾಡಿ ಉಳಿದೆಡೆ ಸೊರಗುತ್ತದೆ. ವರ್ಗದ ಸರಾಸರಿ ಸಮವಾಗಿರುವಾಗ ಎತ್ತರದ ಶಿಖರ ಅನುಕಲವನ್ನು ತಗ್ಗಿಸುತ್ತದೆ. ಈ ವಿಷಯದಲ್ಲಿ ಎಡವುವವರು ಬಹಳ ಸಲ ಎಡವುವುದು ಇಲ್ಲೇ.

ನಿಖರ ಬೆಲೆ ಸಿಗದ ಕಡೆ ಈ ಮಾತನ್ನು ಸಂಖ್ಯೆಗೆ ಇಳಿಸುವುದು ನಾಲ್ಕನೇ ಘಾತದ ಮೂಲಕ. ಮೊತ್ತವನ್ನು ವರ್ಗ ಮಾಡಿ, ಬಂದ ಸಹಗುಣಕಗಳ ವರ್ಗಗಳನ್ನು ಕೂಡಿದರೆ ನಾಲ್ಕನೇ ಘಾತದ ಸರಾಸರಿ ಸಿಗುತ್ತದೆ. ಅನುಕಲ ಮಾಡುವ ಕೆಲಸವೇ ಇಲ್ಲ. ಪ್ಲಸ್ ಮೊತ್ತದ ವರ್ಗದಲ್ಲಿ ಸಹಗುಣಕಗಳು 1, 2, 3, 2, 1. ವರ್ಗಗಳ ಮೊತ್ತ 19. ಮೈನಸ್ ಮೊತ್ತಕ್ಕೆ 1, 2, −1, −2, 1; ಮೊತ್ತ 11. ಹೋಲ್ಡರ್ ಅಸಮತೆ ಹೇಳುವುದಿಷ್ಟು: ವರ್ಗದ ಸರಾಸರಿಯ ಘನವನ್ನು ನಾಲ್ಕನೇ ಘಾತದ ಸರಾಸರಿಯಿಂದ ಭಾಗಿಸಿ ವರ್ಗಮೂಲ ತೆಗೆದರೆ ನಮ್ಮ ಅನುಕಲಕ್ಕೆ ಕೆಳಮಿತಿ. ಪ್ಲಸ್‌ಗೆ √(27/19), ಅಂದರೆ 1.192. ಮೈನಸ್‌ಗೆ √(27/11), ಅಂದರೆ 1.567. ಆದರೆ ಇಷ್ಟಕ್ಕೇ ಎರಡರಲ್ಲಿ ಯಾವುದು ದೊಡ್ಡದೆಂದು ತೀರ್ಪು ಕೊಡಲಾಗದು. ಒಂದರ ಬೆಲೆ 1.192 ಮತ್ತು 1.732ರ ನಡುವೆ, ಇನ್ನೊಂದರದ್ದು 1.567 ಮತ್ತು 1.732ರ ನಡುವೆ, ಎರಡು ವ್ಯಾಪ್ತಿಗಳು ಒಂದರ ಮೇಲೊಂದು ಬೀಳುತ್ತವೆ. ಕೆಳಮಿತಿ ದೊಡ್ಡದಿದ್ದ ಮಾತ್ರಕ್ಕೆ ಅನುಕಲವೂ ದೊಡ್ಡದು ಎಂದು ಬರೆದುಬಿಡುವುದು ತಪ್ಪು. ಇಲ್ಲಿ ಉತ್ತರ ಸರಿಯಾಗಿ ಬಿತ್ತು, ಎಲ್ಲ ಕಡೆ ಬೀಳುತ್ತದೆ ಎನ್ನುವಂತಿಲ್ಲ.

ಸಮಘಾತಗಳ ಲೋಕ ಬೇರೆಯೇ. ನಾಲ್ಕನೇ ಘಾತವಾಗಲಿ ಆರನೆಯದಾಗಲಿ, ಅದು ಒಳಗಿಂದ ಒಂದು ಎಣಿಕೆ: ಎರಡು ಆವೃತ್ತಿಗಳ, ಅಂದರೆ ಝಡ್‌ನ ಘಾತಾಂಕಗಳ, ಮೊತ್ತ ಇನ್ನೆರಡರ ಮೊತ್ತಕ್ಕೆ (ಆರನೆಯದರಲ್ಲಾದರೆ ಮೂರರ ಮೊತ್ತ ಇನ್ನು ಮೂರರ ಮೊತ್ತಕ್ಕೆ) ಎಷ್ಟು ರೀತಿಯಲ್ಲಿ ಸಮನಾಗುತ್ತದೆ ಎಂಬ ಲೆಕ್ಕ. ಹಾಗಾಗಿ ಸಹಗುಣಕಗಳನ್ನು ಅವುಗಳ ಗಾತ್ರಕ್ಕೆ, ಅಥವಾ ಅದಕ್ಕೂ ದೊಡ್ಡ ಧನಸಂಖ್ಯೆಗಳಿಗೆ ಬದಲಿಸಿದರೆ ಸಮಘಾತದ ಸರಾಸರಿ ಕಡಿಮೆಯಾಗುವುದಿಲ್ಲ. ಬೇರೆ ಘಾತಗಳಿಗೂ ಇದು ನಿಲ್ಲುತ್ತದೆಯೇ? ಹಾರ್ಡಿ ಮತ್ತು ಲಿಟಲ್‌ವುಡ್ 1935ರಲ್ಲೇ ಇಲ್ಲ ಎಂದು ತೋರಿಸಿದರು, ಅದೂ ಮೂರೇ ಪದಗಳಲ್ಲಿ. 1 + ಝಡ್ + ಝಡ್³ ಒಂದು ಕಡೆ, 1 + ಝಡ್ − ಝಡ್³ ಇನ್ನೊಂದು ಕಡೆ. ನಾಲ್ಕನೇ ಘಾತದ ಸರಾಸರಿ ಎರಡಕ್ಕೂ 15. ಆರನೆಯದಕ್ಕೆ ಮೊತ್ತದ ಘನ ಬಿಡಿಸಬೇಕು. ಅಲ್ಲಿ ಝಡ್³ರ ಸಹಗುಣಕ ಎರಡು ದಾರಿಯಿಂದ ಬರುತ್ತದೆ: ಝಡ್ ಮೂರು ಸಲ ಸೇರಿ 1, ಎರಡು ಒಂದುಗಳ ಜೊತೆ ಝಡ್³ ಸೇರಿ 3. ಪ್ಲಸ್ ಇದ್ದರೆ 4, ಮೈನಸ್ ಇದ್ದರೆ −2. ಉಳಿದೆಲ್ಲ ಸಹಗುಣಕಗಳ ಗಾತ್ರ ಎರಡರಲ್ಲೂ ಒಂದೇ. ಕೂಡಿಸಿದರೆ ಪ್ಲಸ್‌ಗೆ 99, ಮೈನಸ್‌ಗೆ 87. ನಿರೀಕ್ಷೆಯಂತೆ ಪ್ಲಸ್ ಮುಂದೆ. ಆದರೆ ಮೂರನೇ ಘಾತಕ್ಕೆ ಬಂದರೆ ಮೈನಸ್ ಮುಂದಾಗುತ್ತದೆ! 1973ರಲ್ಲಿ ಬ್ಯಾಚೆಲಿಸ್ ಇನ್ನೂ ಒಂದು ಹೆಜ್ಜೆ ಹೋದರು: ಘಾತ ಸಮಸಂಖ್ಯೆಯಲ್ಲದಿದ್ದರೆ, ದೊಡ್ಡ ಮೊತ್ತದ ಬದಿಯನ್ನು ಯಾವ ಸ್ಥಿರಾಂಕದಿಂದ ಗುಣಿಸಿದರೂ ಈ ಹೋಲಿಕೆ ಎಲ್ಲ ಮೊತ್ತಗಳಿಗೂ ನಿಲ್ಲುವುದಿಲ್ಲ.

ನಮ್ಮದು ಮೊದಲನೇ ಘಾತ. ಅದು ಏನನ್ನೂ ಎಣಿಸುವುದಿಲ್ಲ, ಅದರ ತೊಂದರೆಯ ಬೇರು ಅದೇ. ಪದಕ್ಕೆ ಪದ ಹೋಲಿಸಿ ಅನುಕಲಗಳನ್ನು ಹೋಲಿಸುವ ಆಸೆಯನ್ನು ಇಲ್ಲಿಗೇ ಬಿಡುವುದು ಒಳ್ಳೆಯದು.

ಹಾಗಾದರೆ ಕಂಪ್ಯೂಟರಿಗೆ ಕೊಟ್ಟು ಕೈತೊಳೆದುಕೊಳ್ಳಬಹುದಲ್ಲ? ಕೊಡಬಹುದು, ಆದರೆ ಮಾದರಿ ಬಿಂದುಗಳನ್ನು ಆರಿಸುವಾಗ ಎಚ್ಚರ ಬೇಕು. 1ರಿಂದ 100ರವರೆಗಿನ ಎಲ್ಲ ಆವೃತ್ತಿಗಳ ಮೊತ್ತ ತೆಗೆದುಕೊಂಡು, ಪದಗಳು ನೂರು ಇವೆಯಲ್ಲ ಎಂದು ನೂರು ಸಮದೂರದ ಬಿಂದುಗಳಲ್ಲಿ ಬೆಲೆ ನೋಡಿದರೆ, ಒಂದು ಬಿಂದುವಿನಲ್ಲಿ 100, ಉಳಿದ ತೊಂಬತ್ತೊಂಬತ್ತರಲ್ಲಿ ಸೊನ್ನೆ. ಸರಾಸರಿ ಸರಿಯಾಗಿ 1 ಬರುತ್ತದೆ. ನಿಜವಾದ ಬೆಲೆ 2.856. ಬಿಂದುಗಳನ್ನು 200 ಮಾಡಿದರೂ ಸುಮಾರು 2.45ಕ್ಕೇ ನಿಲ್ಲುತ್ತದೆ. ಉತ್ತರ ನೋಡಲು ಸುಸಂಬದ್ಧವಾಗಿಯೇ ಇರುವುದರಿಂದ ತಪ್ಪು ಕಣ್ಣಿಗೆ ಬೀಳುವುದಿಲ್ಲ.

ಕಾರಣ ಮೂರು ಪದಗಳ ಉದಾಹರಣೆಯಲ್ಲೇ ಕಾಣುತ್ತದೆ. 1 + 2 ಕಾಸ್ ಥೀಟಾದ ನಿರಪೇಕ್ಷ ಮೌಲ್ಯಕ್ಕೆ 120 ಮತ್ತು 240 ಡಿಗ್ರಿಯಲ್ಲಿ ಚೂಪು ಮೂಲೆಗಳಿವೆ. 6 ಬಿಂದುಗಳಿಂದ ಸರಾಸರಿ 1.3333, 12ರಿಂದ 1.4107, ನಿಜ ಬೆಲೆ 1.4360. ದೋಷ 0.103ರಿಂದ 0.025ಕ್ಕೆ ಇಳಿಯಿತು, ಅಂದರೆ ಬಿಂದುಗಳು ಎರಡು ಪಟ್ಟಾದಾಗ ದೋಷ ನಾಲ್ಕನೇ ಒಂದು ಭಾಗ. ನಿರಪೇಕ್ಷ ಮೌಲ್ಯದ ವರ್ಗಕ್ಕಾದರೆ ಬಿಂದುಗಳ ಸಂಖ್ಯೆ ಅತಿ ದೊಡ್ಡ ಆವೃತ್ತಿ ವ್ಯತ್ಯಾಸವನ್ನು ದಾಟಿದ ಕೂಡಲೇ ಉತ್ತರ ಪೂರ್ತಿ ನಿಖರ. ಮೂಲೆಯಿದ್ದಲ್ಲಿ ಆ ಭಾಗ್ಯವಿಲ್ಲ. ಬಿಂದುಗಳು ಮೂಲೆಗಳ ಮೇಲೇ ಬಿದ್ದರೆ ಪರಿಸ್ಥಿತಿ ಇನ್ನೂ ಕೆಡುತ್ತದೆ: ದೋಷಗಳೆಲ್ಲ ಒಂದೇ ಕಡೆಗೆ, ಕಡಿಮೆಯ ಕಡೆಗೆ, ಸೇರಿಕೊಳ್ಳುತ್ತವೆ. 8 ಬಿಂದುಗಳಲ್ಲಿ ಯಾವುದೂ ಮೂಲೆ ಮುಟ್ಟುವುದಿಲ್ಲ, ಸರಾಸರಿ 1.4571, ದೋಷ 0.021. 12 ಬಿಂದುಗಳಿಗಿಂತ 8 ವಾಸಿ! ಆದ್ದರಿಂದ ಬಿಂದುಗಳ ಸಂಖ್ಯೆಯನ್ನು ಪದಗಳ ಸಂಖ್ಯೆಯ ಗುಣಕವಾಗಿ ಇಡಬೇಡಿ. ಹತ್ತಿಪ್ಪತ್ತು ಪಟ್ಟು ದೊಡ್ಡ ಒಂದು ಅವಿಭಾಜ್ಯ ಸಂಖ್ಯೆ ಆರಿಸಿ. ಮೊತ್ತ ವಾಸ್ತವವಾಗಿದ್ದರೆ ಸೊನ್ನೆಗಳನ್ನು ಹುಡುಕಿ, ಅವುಗಳ ನಡುವೆ ಪ್ರತಿ ತುಂಡಿಗೂ ಕೈಯಿಂದಲೇ ಅನುಕಲ ಬರೆದರೆ ಇನ್ನೂ ಒಳ್ಳೆಯದು.

ಸಾಲಾದ ಆವೃತ್ತಿಗಳ ಮೊತ್ತಕ್ಕೆ ಹಳೆಯ, ಚೆನ್ನಾಗಿ ಪಳಗಿದ ಸೂತ್ರವಿದೆ. ಎನ್ ಪದಗಳಿದ್ದರೆ ಅನುಕಲ ಸುಮಾರು (4/ಪೈ²) ಲಾಗ್ ಎನ್ + 0.9894. ಇಲ್ಲಿ ಲಾಗ್ ಎಂದರೆ ಸ್ವಾಭಾವಿಕ ಲಾಗ್, 4/ಪೈ² ಎಂದರೆ 0.4053. ಎರಡೇ ಪದಗಳಿಗೂ ಸೂತ್ರ 1.270 ಕೊಡುತ್ತದೆ, ನಿಜ ಬೆಲೆ 4/ಪೈ, ಅಂದರೆ 1.273. ಇವೇ ಲೆಬೆಗ್ ಸ್ಥಿರಾಂಕಗಳು. ಇವು ಮಿತಿಯಿಲ್ಲದೆ ಬೆಳೆಯುವುದರಿಂದಲೇ ಎಲ್ಲೂ ಕಡಿಯದ ಫಂಕ್ಷನ್ನಿನ ಫೂರಿಯೇ ಶ್ರೇಣಿಯೂ ಒಂದು ಬಿಂದುವಿನಲ್ಲಿ ಚೆದುರಿಹೋಗಬಹುದು. ಕ್ಯೂ ಅವಧಿಗೊಮ್ಮೆ ಮರುಕಳಿಸುವ ಕ್ಯಾರೆಕ್ಟರ್ ಎಂಬ ಫಂಕ್ಷನ್‌ಗಳ ಮೊತ್ತಕ್ಕೆ ಮೇಲ್ಮಿತಿ ಕೊಡುವ 1918ರ ಪೋಲ್ಯ–ವಿನೊಗ್ರಾದೊವ್ ಅಸಮತೆಯಲ್ಲಿ √ಕ್ಯೂ ಜೊತೆಗೆ ಅಂಟಿಕೊಂಡಿರುವ ಲಾಗ್ ಕ್ಯೂ ಕೂಡ ಇಲ್ಲಿಂದಲೇ ಬಂದದ್ದು: ಒಂದು ವ್ಯಾಪ್ತಿಯನ್ನು ಎರಡು ತುದಿಗಳಲ್ಲಿ ಥಟ್ಟನೆ ಕತ್ತರಿಸಿದ್ದಕ್ಕೆ ತೆರುವ ಬೆಲೆ.

ತುದಿಗಳನ್ನು ಇಳಿಜಾರಾಗಿಸಿದರೆ ಆ ಬೆಲೆ ತೆರಬೇಕಿಲ್ಲ. ಮೈನಸ್ ಎನ್‌ನಿಂದ ಎನ್‌ವರೆಗೆ ಎಲ್ಲ ಆವೃತ್ತಿಗಳಿಗೂ ತೂಕ, ಅಂದರೆ ಸಹಗುಣಕ, 1 ಕೊಟ್ಟು, ಅಲ್ಲಿಂದ 2ಎನ್‌ಗೆ ಬರುವಷ್ಟರಲ್ಲಿ ಸರಳರೇಖೆಯಲ್ಲಿ ಸೊನ್ನೆಗಿಳಿಸುವುದು ದ ಲಾ ವಾಲೆ ಪೂಸಾನ್ ಅವರ ಕರ್ನಲ್. ಪುಸ್ತಕಗಳಲ್ಲಿ ಇದರ ಅನುಕಲ 3ಕ್ಕಿಂತ ಹೆಚ್ಚಿಲ್ಲ ಎಂದು ಹೇಳಿ ಮುಂದೆ ಸಾಗುತ್ತಾರೆ. ಅಷ್ಟು ಸಾಕಾಗುತ್ತದೆ, ನಿಜ. ಆದರೆ ಸ್ವಲ್ಪ ನಿಂತು ಲೆಕ್ಕ ಹಾಕಿದರೆ ನಿಖರ ಬೆಲೆಯೇ ಸಿಗುತ್ತದೆ. ಕರ್ನಲ್‌ನ ಮೇಲ್ಭಾಗದಲ್ಲಿರುವುದು ಕಾಸ್ ಎನ್‌ಥೀಟಾ ಮೈನಸ್ ಕಾಸ್ 2ಎನ್‌ಥೀಟಾ, ಕೆಳಗೆ 2ಎನ್ ಸೈನ್²(ಥೀಟಾ/2). ಮೇಲ್ಭಾಗ ಒಂದು ಸುತ್ತಿನಲ್ಲಿ ಎನ್ ಸಲ ಮರುಕಳಿಸುತ್ತದೆ. ಸುತ್ತನ್ನು ಎನ್ ಸಮಭಾಗ ಮಾಡಿ ಒಂದರ ಮೇಲೊಂದು ಮಡಚಿದರೆ ಕೆಳಭಾಗದ ಎನ್ ಪದಗಳು ಕೂಡಿ ಒಂದೇ ಪದವಾಗುತ್ತವೆ. ಎನ್‌ಥೀಟಾವನ್ನು ಹೊಸ ಕೋನವೆಂದು ಕರೆದರೆ, ಆ ಕೋನದ ಕಾಸ್ ಮೈನಸ್ ಅದರ ಇಮ್ಮಡಿಯ ಕಾಸ್, ಭಾಗಿಸು 1 ಮೈನಸ್ ಕಾಸ್, ಇಷ್ಟೇ ಉಳಿಯುತ್ತದೆ. ಮೇಲ್ಭಾಗ (1 − ಕಾಸ್)(1 + 2 ಕಾಸ್) ಎಂದು ಒಡೆಯುತ್ತದೆ. ಒಂದು ಅಂಶ ಹೊಡೆದುಹೋಗಿ ಮಿಗುವುದು 1 + 2 ಕಾಸ್‌ನ ನಿರಪೇಕ್ಷ ಮೌಲ್ಯ. ಅನುಕಲ 1.43599, ಎನ್ ಎಷ್ಟೇ ಇರಲಿ. ಮೂರು ಪದಗಳ ಮೊತ್ತದ ಬೆಲೆಯೇ ಇದು. ಎನ್ ಒಂದು ಕೋಟಿಯಾದರೆ ಥಟ್ಟನೆ ಕತ್ತರಿಸಿದ ಮೊತ್ತದ ಅನುಕಲ 7.80, ಇಳಿಜಾರು ಕೊಟ್ಟದ್ದರದು ಆಗಲೂ 1.436.

ಇಲ್ಲಿಯವರೆಗೆ ಆವೃತ್ತಿಗಳು ಸಾಲಾಗಿದ್ದವು. ಯಾವುದೋ ಎನ್ ಬೇರೆಬೇರೆ ಪೂರ್ಣಾಂಕಗಳನ್ನು ಆವೃತ್ತಿಯಾಗಿ ಆರಿಸಿ, ತೂಕವೆಲ್ಲ 1 ಇಟ್ಟರೆ ಅನುಕಲ ಎಷ್ಟು ಚಿಕ್ಕದಾಗಬಹುದು? ಹಾರ್ಡಿ–ಲಿಟಲ್‌ವುಡ್ 1948ರ ಪ್ರಬಂಧದಲ್ಲಿ ಊಹಿಸಿದ್ದು: ಲಾಗ್ ಎನ್‌ನ ಒಂದು ಸ್ಥಿರಾಂಕ ಪಟ್ಟಿಗಿಂತ ಚಿಕ್ಕದಾಗದು. ನಾಲ್ಕನೇ ಘಾತದ ವಿಧಾನ ಇಲ್ಲಿ ಕೈಕೊಡುತ್ತದೆ. ಸಾಲಾದ ಎನ್ ಆವೃತ್ತಿಗಳಿಗೆ ನಾಲ್ಕನೇ ಘಾತದ ಸರಾಸರಿ (2ಎನ್³ + ಎನ್)/3. ಅದರಿಂದ ಬರುವ ಕೆಳಮಿತಿ ಎನ್ ಎಷ್ಟು ಬೆಳೆದರೂ √1.5, ಅಂದರೆ 1.225ರ ಕೆಳಗೇ ಉಳಿಯುತ್ತದೆ.

ಬೇಕಾದದ್ದು ಪರೀಕ್ಷಾ ಫಂಕ್ಷನ್. ಗಾತ್ರದಲ್ಲಿ ಮಿತವಾದ ಒಂದು ಫಂಕ್ಷನ್ನಿನಿಂದ ನಮ್ಮ ಮೊತ್ತವನ್ನು ಗುಣಿಸಿ ಅನುಕಲ ತೆಗೆಯಿರಿ. ಬಂದದ್ದನ್ನು ಆ ಫಂಕ್ಷನ್ನಿನ ಗರಿಷ್ಠ ಗಾತ್ರದಿಂದ ಭಾಗಿಸಿದರೆ ಕೆಳಮಿತಿ. ಸಾಲಾದ ಆವೃತ್ತಿಗಳಿಗೆ ಗರಗಸದ ಹಲ್ಲಿನಂಥ ಪೈ − ಥೀಟಾ ಸಾಕು. ಅದನ್ನು ಕಾಲ್ಪನಿಕ ಏಕಮಾನದಿಂದ ಗುಣಿಸಿದರೆ ಪ್ರತಿ ಧನ ಆವೃತ್ತಿಯಲ್ಲೂ ಸಹಗುಣಕ ಆ ಆವೃತ್ತಿಯ ವಿಲೋಮ, ಮತ್ತು ಗಾತ್ರ ಎಂದೂ ಪೈ ದಾಟದು. ಹಾಗಾಗಿ ಅನುಕಲ ಕನಿಷ್ಠ (1 + 1/2 + … + 1/ಎನ್)/ಪೈ. ಎನ್ 100 ಆದರೆ 5.187/ಪೈ, ಅಂದರೆ 1.65. ನಿಜ ಬೆಲೆ 2.86, ಆದರೆ ಲಾಗ್ ಬೆಳವಣಿಗೆ ಕೈಗೆ ಸಿಕ್ಕಿತು.

ಆವೃತ್ತಿಗಳ ನಡುವೆ ದೊಡ್ಡ ಕಂದಕಗಳಿದ್ದರೆ ಗರಗಸ ಸಾಲದು. ಮೂರನೇ ಆವೃತ್ತಿ ಹತ್ತು ಲಕ್ಷವಾಗಿದ್ದರೆ ಅಲ್ಲಿ ನಮಗೆ ಬೇಕಾದ ತೂಕ 1/3, ಗರಗಸ ಕೊಡುವುದು ಹತ್ತು ಲಕ್ಷದಲ್ಲೊಂದು ಭಾಗ. 1960ರಲ್ಲಿ ಪಾಲ್ ಕೋಹೆನ್ ಲಾಗ್ ಎನ್ ಭಾಗಿಸು ಲಾಗ್ ಲಾಗ್ ಎನ್ ಎಂಬುದರ 1/8ನೇ ಘಾತದವರೆಗೆ ಬಂದರು. ಡಾವೆನ್‌ಪೋರ್ಟ್ ಅದನ್ನು 1/4 ಮಾಡಿದರು. ಪೂರ್ತಿ ಉತ್ತರ 1981ರಲ್ಲಿ ಎರಡು ಕಡೆಯಿಂದ ಬಂತು: ಸೋವಿಯತ್ ಒಕ್ಕೂಟದಲ್ಲಿ ಕೊನ್ಯಾಗಿನ್, ಇನ್ನೊಂದೆಡೆ ಮೆಗೀ, ಪಿನ್ಯೋ ಮತ್ತು ಸ್ಮಿತ್. ಮೂವರ ವಿಧಾನ ಅಚ್ಚರಿಯಾಗುವಷ್ಟು ಚಿಕ್ಕದು. ಆವೃತ್ತಿಗಳನ್ನು ಕ್ರಮವಾಗಿ 1, 4, 16, 64 ಹೀಗೆ ನಾಲ್ಕರ ಘಾತದ ಗುಂಪುಗಳಾಗಿ ಒಡೆಯಿರಿ. ಪ್ರತಿ ಗುಂಪಿನ ಮೊತ್ತವನ್ನು ಗುಂಪಿನ ಗಾತ್ರದಿಂದ ಭಾಗಿಸಿ. ಅದರ ಗಾತ್ರ 1 ದಾಟದು. ಇವನ್ನು ಸುಮ್ಮನೆ ಕೂಡಿದರೆ ಸಹಗುಣಕಗಳು ಬೇಕಾದಂತೆಯೇ ಬರುತ್ತವೆ, ಆದರೆ ಒಟ್ಟು ಗಾತ್ರ ಗುಂಪುಗಳ ಸಂಖ್ಯೆಯಷ್ಟು ಉಬ್ಬಬಹುದು, ಆಗ ಲಾಭವೆಲ್ಲ ಸೋರಿಹೋಗುತ್ತದೆ. ಅದಕ್ಕೆ ಹೊಸ ಗುಂಪನ್ನು ಸೇರಿಸುವ ಮುಂಚೆ ಈವರೆಗಿನ ಮೊತ್ತವನ್ನು ಒಂದು ಘಾತೀಯ ಅಂಶದಿಂದ ಗುಣಿಸಿ ತಗ್ಗಿಸುತ್ತಾರೆ. ಹೊಸ ಗುಂಪು ಎಲ್ಲಿ ದೊಡ್ಡದೋ ಅಲ್ಲಿ ತಗ್ಗುವಿಕೆ ಹೆಚ್ಚು, ಚಿಕ್ಕದಿದ್ದಲ್ಲಿ ಕಡಿಮೆ. ಜಾಣತನವಿರುವುದು ಆ ಅಂಶದ ಆವೃತ್ತಿಗಳು ಒಂದೇ ಬದಿಯಲ್ಲಿರುವಂತೆ ಕಟ್ಟಿದ್ದರಲ್ಲಿ. ತಗ್ಗಿಸುವಾಗ ಆಗುವ ಕಲಬೆರಕೆ ಒಂದೇ ದಿಕ್ಕಿಗೆ ಸರಿಯುತ್ತದೆ, ಮತ್ತು ಗುಂಪಿನಿಂದ ಗುಂಪಿಗೆ ಅದರ ಪ್ರಮಾಣ ಗುಣೋತ್ತರವಾಗಿ ಕುಗ್ಗುತ್ತದೆ. ಎರಡು ಬದಿಗೂ ಹರಡುವಂತೆ ಬಿಟ್ಟಿದ್ದರೆ ಸಹಗುಣಕಗಳು ಕೆಡದಂತೆ ಹಿಡಿದಿಡಲು ಆಗುತ್ತಿರಲಿಲ್ಲ.

ಲಾಗ್ ಎನ್‌ನ ಮುಂದೆ ಬರುವ ಸ್ಥಿರಾಂಕದ ಕಥೆ ಅಷ್ಟು ಸುಖಾಂತವಲ್ಲ. ಸ್ಟೆಗೆಮನ್ ಮತ್ತು ಯಾಬುಟ ಪಡೆದದ್ದು ಸುಮಾರು 4/ಪೈ³, ಅಂದರೆ 0.129. ಸಾಲಾದ ಆವೃತ್ತಿಗಳ 4/ಪೈ²ಗಿಂತ ಕಡಿಮೆ ಸ್ಥಿರಾಂಕ ಯಾವ ಗಣಕ್ಕೂ ಇರಲಾರದು ಎಂಬ ನಂಬಿಕೆಗೂ ಈ ಬೆಲೆಗೂ ಮೂರು ಪಟ್ಟು ಅಂತರ.

ಇನ್ನೊಂದು ತುದಿಯಲ್ಲಿ 1, 2, 4, 8 ಹೀಗೆ ಎರಡರ ಘಾತಗಳು. ಇಲ್ಲಿ ಎರಡು ಆವೃತ್ತಿಗಳ ಮೊತ್ತ ಇನ್ನೆರಡರ ಮೊತ್ತಕ್ಕೆ ಸಮನಾಗುವುದು ಅವೇ ಎರಡು ಆವೃತ್ತಿಗಳಾಗಿದ್ದರೆ ಮಾತ್ರ. ನಾಲ್ಕನೇ ಘಾತದ ಸರಾಸರಿ 2ಎನ್² − ಎನ್, ಹೋಲ್ಡರ್ ಕೆಳಮಿತಿ √(ಎನ್/2)ಗಿಂತ ತುಸು ಹೆಚ್ಚು. ಎನ್ ದೊಡ್ಡದಾದಂತೆ ನಿಜ ಬೆಲೆ √ಎನ್‌ನ √ಪೈ/2 ಪಟ್ಟಿಗೆ, ಅಂದರೆ 0.886 ಪಟ್ಟಿಗೆ, ಹತ್ತಿರವಾಗುತ್ತದೆ. ಬೇಕಾಬಿಟ್ಟಿ ದಿಕ್ಕಿನ ಎನ್ ಹೆಜ್ಜೆಗಳ ನಡಿಗೆಯ ಸರಾಸರಿ ದೂರವೂ ಅದೇ. ನೂರು ಪದಗಳಿಗೆ ಸುಮಾರು 8.9, ಸಾಲಾದ ನೂರಕ್ಕೆ 2.86.

ಸಂಖ್ಯಾಶಾಸ್ತ್ರದ ಪರಿಚಿತ ಗಣಗಳು ಈ ಎರಡರ ನಡುವೆ ಅಲ್ಲಲ್ಲಿ ಬಂದು ಕೂರುತ್ತವೆ. ಮೊದಲ ಎನ್ ವರ್ಗಸಂಖ್ಯೆಗಳಿಗೆ ಅನುಕಲದ ಪ್ರಮಾಣ √ಎನ್. ನಾಲ್ಕನೇ ಘಾತ ಹಿಡಿದು ಹೊರಟರೆ ಇಲ್ಲೊಂದು ಲಾಗ್ ಕಾಟ ಕೊಡುತ್ತದೆ. ಮೂರನೇ ಘಾತ ಹಿಡಿದರೆ ಅದು ಮಾಯ. ಎನ್‌ವರೆಗಿನ ಅವಿಭಾಜ್ಯಗಳಿಗೆ ಲಾಗ್ ತೂಕ ಕೊಟ್ಟರೆ ಕೆಳಗಿನಿಂದ √ಎನ್‌ನ ಸ್ಥಿರಾಂಕ ಪಟ್ಟು ಎಂದು ವಾನ್ 1988ರಲ್ಲಿ ಸಾಧಿಸಿದರು. ಮೇಲಿನಿಂದ ಕೋಶೀ ಕೊಡುವುದು √(ಎನ್ ಲಾಗ್ ಎನ್)ನ ಪ್ರಮಾಣ. 1ನ್ನು ಬಿಟ್ಟು ಬೇರೆ ಯಾವ ವರ್ಗದಿಂದಲೂ ಭಾಗವಾಗದ ಸಂಖ್ಯೆಗಳಿಗೆ ಬಾಲೊಗ್ ಮತ್ತು ರೂಜಾ 2001ರಲ್ಲಿ ತೋರಿಸಿದ್ದು ಎನ್‌ನ ಘನಮೂಲದ ಪ್ರಮಾಣ. ಎನ್‌ವರೆಗಿನ ಸಂಖ್ಯೆಗಳಲ್ಲಿ ಶೇ. 60ಕ್ಕಿಂತ ಹೆಚ್ಚು ಈ ಗಣದಲ್ಲೇ ಇವೆ, ಆದರೂ ಅನುಕಲ ಲಾಗ್‌ನ ಹತ್ತಿರವೂ ಇಲ್ಲ.

ಹೊಸ ಗಣವೊಂದು ಎದುರಾದಾಗ ಮೊದಲು ನೋಡಬೇಕಾದದ್ದು ಅದು ಪರಿಚಿತ ಗಣದಿಂದ ಎಷ್ಟು ದೂರ ಎಂಬುದನ್ನು. ಎಲ್ಲ ಆವೃತ್ತಿಗಳನ್ನೂ ಒಂದೇ ಸಂಖ್ಯೆಯಿಂದ ಗುಣಿಸಿದರೆ ಅಥವಾ ಎಲ್ಲಕ್ಕೂ ಒಂದೇ ಸಂಖ್ಯೆ ಕೂಡಿಸಿದರೆ ಅನುಕಲ ಬದಲಾಗದು. ಎರಡು ಪದಗಳ ಯಾವ ಮೊತ್ತಕ್ಕೂ ಬೆಲೆ 4/ಪೈ ಆಗುವುದು ಇದರಿಂದಲೇ. ಒಂಬತ್ತು ಆವೃತ್ತಿಗಳನ್ನು ತೆಗೆದರೆ ಅಥವಾ ಸೇರಿಸಿದರೆ ಅನುಕಲ ಹೆಚ್ಚೆಂದರೆ 3 ಬದಲಾಗುತ್ತದೆ, ನೂರಕ್ಕೆ 10. ತೆಗೆದ ಭಾಗಕ್ಕೆ ಮತ್ತೆ ಕೋಶೀ ಹಾಕಿದರಾಯಿತು.

ಈ ಲೆಕ್ಕ ಎಷ್ಟು ದೂರ ಎಳೆಯಬಹುದು ಎಂಬುದಕ್ಕೆ ಒಂದು ಉದಾಹರಣೆ. 1ರಿಂದ 10,000ದವರೆಗಿನ ಎಲ್ಲ ಆವೃತ್ತಿಗಳ ಮೊತ್ತದ ಅನುಕಲ 4.72. ಪ್ರತಿ ಸಂಖ್ಯೆಗೂ ನಾಣ್ಯ ಚಿಮ್ಮಿ ಅರ್ಧದಷ್ಟನ್ನು ಉಳಿಸಿಕೊಳ್ಳಿ. ಉಳಿದ ಗಣದ ಮೊತ್ತ ಎಂದರೆ ಪೂರ್ತಿ ಸಾಲಿನ ಅರ್ಧ, ಜೊತೆಗೆ ಬೇಕಾಬಿಟ್ಟಿ ಚಿಹ್ನೆಗಳ ಮೊತ್ತದ ಅರ್ಧ. ಮೊದಲ ಭಾಗದ ಅನುಕಲ 2.36. ಎರಡನೆಯದು 100ರ 0.886 ಪಟ್ಟಿನ ಅರ್ಧ, ಸುಮಾರು 44.3. ಅಂದರೆ ಒಟ್ಟು 44ರ ಆಸುಪಾಸು, ಎರಡು-ಮೂರರಷ್ಟು ಆಚೀಚೆ. ಸಹಗುಣಕಗಳಲ್ಲಿ ಅರ್ಧದಷ್ಟನ್ನು ಸೊನ್ನೆ ಮಾಡಿದ್ದಕ್ಕೆ ಅನುಕಲ ಒಂಬತ್ತು ಪಟ್ಟಿಗೂ ಹೆಚ್ಚಾಯಿತು.